ಬಲ್ಖೀರನ ಬಟ್ಟಲು

ಡಯಾಲಿಸಿಸ್‌ಗೆಂದು ಅಮ್ಮನನ್ನು ತಿಮಿಮೂನಿನಿಂದ ಅದ್ರಾರಿಗೆ ಕರೆದೊಯ್ಯುವ ಮರುಭೂಮಿಯ ದಾರಿಯಲ್ಲಿ ಎಂಜಿನ್ ಕುದಿದು ನಿಂತರೆ ಏನು ಗತಿ ಎಂಬುದೇ ನನ್ನ ಭಯವಾಗಿತ್ತು. ಏಕೆಂದರೆ ಪ್ರತಿ ಪ್ರಯಾಣದಲ್ಲೂ ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವ ಒಂದು ಲೋಟದಷ್ಟು ಇಳಿಯುತ್ತಿತ್ತು.

ಮೆಕ್ಯಾನಿಕ್ ಬೂಜೆಮಾ ರೇಡಿಯೇಟರಿಗೆ ಗಾಳಿಯ ಒತ್ತಡ ಕೊಟ್ಟು ನೋಡಿದ. ಮಾಪಕದ ಮುಳ್ಳು ಇಳಿಯಲಿಲ್ಲ, ಅಂದರೆ ಎಲ್ಲೂ ಸೋರಿಕೆಯಿಲ್ಲ. ಕಾರಿನಡಿ ಹಾಸಿದ ರಟ್ಟು ಒಣಗಿಯೇ ಇತ್ತು. ಕೊನೆಗೆ, ನೇರಳೆ ದೀಪಕ್ಕೆ ಹೊಳೆಯುವ ಹಸಿರು ಬಣ್ಣವನ್ನು ನಾನೇ ಕೂಲೆಂಟಿಗೆ ಬೆರೆಸಿದೆ. ಎಂಜಿನ್ನಿನ ಸುತ್ತ ಎಲ್ಲೂ ಹೊಳೆಯಲಿಲ್ಲ.

"ನಿನ್ ಕಾರಿಗೆ ಬಾಯಾರಿಕೆ ಕಣಪ್ಪಾ, ವಿಜ್ಞಾನಿ!" ಎಂದು ಬೂಜೆಮಾ ನಕ್ಕ.

ಮುಂದಿನ ಪ್ರಯಾಣದಲ್ಲಿ ಅಮ್ಮ ತಡೆದಳು. "ಬಲ್ಖೀರನ ಗೋರಿ ಹತ್ರ ನಿಲ್ಸೋ. ಕಾರು ಕೆಟ್ಟು, ನೀರಿಲ್ದೆ ಸತ್ತವನು. ಎಲ್ಲ ಡ್ರೈವರೂ ಅವನ ಬಟ್ಟಲಿಗೆ ನೀರು ಹಾಕಿ ಹೋಗ್ತಾರೆ. ನೀನೊಬ್ಬ ಮಾತ್ರ ಭಾರಿ ದೊಡ್ಮನುಷ್ಯ!"

ಚಳಿಗಾಲದ ಬೆಳಗು, ಮರಳು ಕೊರೆಯುತ್ತಿತ್ತು. ಬಟ್ಟಲು ಆಗಲೇ ತುಂಬಿ, ಅದರಿಂದ ಸಿಹಿವಾಸನೆಯ ಹಬೆ ಏಳುತ್ತಿತ್ತು. ನೇರಳೆ ದೀಪ ಹಿಡಿದೆ. ಹಸಿರಾಗಿ ಹೊಳೆಯಿತು.

ಅಮ್ಮ ಇಣುಕಿದಳು. "ಅಯ್ಯೋ ಪಾಪ, ಇದನ್ನ ಹೆಂಗೋ ಕುಡೀತಾನೆ? ಚೆಲ್ಲು, ಒಳ್ಳೇ ನೀರು ಹಾಕು."

ಬಟ್ಟಲನ್ನು ತೊಳೆದು ನೀರು ತುಂಬಿದೆ. ಸಂಜೆ ಮರಳುವಾಗ ಅದು ಖಾಲಿಯಾಗಿತ್ತು. ಕೂಲೆಂಟ್ ಮಾತ್ರ ಅಂದಿನಿಂದ, ಅದರ ಡಬ್ಬಿಯ ಮೇಲೆ ನಾನು ಗುರುತಿಗೆಂದು ಎಳೆದ ಗೆರೆಯಲ್ಲಿಯೇ ನಿಂತಿದೆ.