ರೈಲು ಬಾರದ ಹಳಿಯ ಮೇಲೆ

ಮೇಷ್ಟ್ರು ಹಳಿಗಳ ನಡುವೆ ಅಂಗಾತ ಬಿದ್ದಿದ್ದರು. ಒಂದು ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಬರಿಗಾಲು. ಮೊಣಕಾಲಿನಿಂದ ಕೆಳಗೆ ಎರಡೂ ಕಾಲುಗಳು ತಿರುಗಬಾರದ ಕಡೆಗೆ ತಿರುಗಿದ್ದವು.

ಮೊದಲು ಕಂಡವಳು ಲಾಂಡ್ರಿ ಅಕ್ಕ. ಲಾಡ್ಜಿನ ಬೆಡ್‌ಶೀಟುಗಳನ್ನು ಒಗೆದು, ಬೆಳಗಾಗುತ್ತಲೇ ಹಳಿಗಳ ಮೇಲೆ ಹರವುವುದು ಅವಳ ರೂಢಿ. ಬಕೆಟ್ಟು ಕೈಜಾರಿತು. ಆಮೇಲೆ ಅವಳು ಕಿರುಚಿಕೊಂಡ ರೀತಿಗೆ ಓಣಿಗೆ ಓಣಿಯೇ ಎದ್ದು ಬಂತು.

"ರೈಲು ಹೊಡೀತಾ?" ಎಂದ ಯಾರೋ.

ಕೇಳಿದವನೇ ನಾಲಿಗೆ ಕಚ್ಚಿಕೊಂಡ. ಡಾಕ್ ಲೈನಿಗೆ ಎಲ್ಲಿಯ ರೈಲು!

ನೌಕಾಪಡೆಯ ಡಾಕ್‌ಯಾರ್ಡಿನ ಗೋಡೆಯಿಂದ ಹಳೇ ಗೂಡ್ಸ್ ಶೆಡ್ಡಿನವರೆಗೆ ಇಳಿಜಾರಿನಲ್ಲಿ ಇಳಿದು ಹೋಗುವ ಕವಲು ಹಳಿ ಅದು. ಒಂದು ಕಾಲಕ್ಕೆ ಹಡಗಿನ ಸಾಮಾನು ಹೊತ್ತ ವ್ಯಾಗನ್ನುಗಳು ಓಡಾಡಿದ್ದವಂತೆ. ಈಗ ಎರಡೂ ಬದಿಯಿಂದ ಮನೆಗಳ ಹಿತ್ತಿಲು ಒತ್ತಿಕೊಂಡು ಬಂದಿವೆ. ಮಕ್ಕಳಿಗೆ ಅದೇ ಆಟದ ಬಯಲು, ಮುದುಕರಿಗೆ ಅದೇ ಹರಟೆಕಟ್ಟೆ. ಕ್ಷೌರದವನೊಬ್ಬ ಎರಡು ಹಳಿಗಳ ನಡುವೆಯೇ ಕುರ್ಚಿ ಹಾಕಿಕೊಂಡಿದ್ದಾನೆ. ರೈಲು ಬಂದೀತೆಂದು ಅಲ್ಲಿ ಹೆದರಿದವರನ್ನು ಯಾರೂ ಕಂಡಿರಲಿಲ್ಲ.

ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದು ಜನರನ್ನು ಸರಿಸಿಕೊಂಡು ಬಂದಳು. ಹೆಣ ನೋಡಿ ನೋಡಿ ಗಟ್ಟಿಯಾದ ಹೆಂಗಸು. ಆದರೂ ಆ ಮುಖ ಕಂಡೊಡನೆ ಎದೆ ಧಸಕ್ಕೆಂದಿತು. ಈ ಮೇಷ್ಟ್ರನ್ನು ಅರಿಯದವರಿಲ್ಲ. ರಿಟೈರಾದ ಮೇಲೆ ಅವರದು ಒಂದೇ ಪಟ್ಟು. ಈ ಲೈನು ಬಳಕೆಯಲ್ಲಿದೆಯೋ ಇಲ್ಲವೋ? ಇಲ್ಲವಾದರೆ ಕಿತ್ತು ಹಾಕಿ, ಮಕ್ಕಳು ಸ್ಕೂಲಿಗೆ ಹೋಗಲು ದಾರಿಯಾಗಲಿ. ಇದ್ದರೆ ಬೇಲಿ ಹಾಕಿ. ಕಂಡಕಂಡವರನ್ನು ನಿಲ್ಲಿಸಿ ಇದನ್ನೇ ಕೇಳುತ್ತಿದ್ದರು. ಜನ ಅವರಿಗೆ 'ಹಳಿ ಮೇಷ್ಟ್ರು' ಎಂದೇ ಹೆಸರಿಟ್ಟಿದ್ದರು. ಇರುವೆಗೂ ಕೇಡು ಬಗೆಯದ ಮನುಷ್ಯ. ಇಂಥವರನ್ನು ಕೊಲ್ಲುವಷ್ಟು ಹಗೆ ಯಾರಿಗಿದ್ದೀತು?

"ಕೇಸು ಮುಗೀತು ಮೇಡಂ," ಎಂದ ದಫೇದಾರ್. ಅವನಿಗೆ ಎಲ್ಲ ಕೇಸೂ ತಿಂಡಿಗೆ ಮುಂಚೆ ಮುಗಿಯಬೇಕು. "ಅಳಿಯ."

"ಯಾಕೆ?"

"ನಿನ್ನೆ ಸಂಜೆ ಜಗಳ. ರಾತ್ರಿ ಹೊತ್ತು ಲೈನಿನ ಮೇಲೆ ಏನೋ ಉರುಳೋ ಸದ್ದು ಬರುತ್ತೆ, ಕಾದು ನೋಡ್ತೀನಿ ಅಂತ ಮಾವ. ಊರೆಲ್ಲ ನಗ್ತಿದೆ ಸಾಕು ಮಾಡಿ ಅಂತ ಅಳಿಯ. ಕೊನೆಗೆ ಓಣಿಗೆಲ್ಲ ಕೇಳೋ ಹಾಗೆ ಕೂಗಿದಾನೆ, 'ಹೋಗಿ, ಆ ಹಳಿ ಮೇಲೇ ಬಿದ್ದು ಸಾಯಿರಿ' ಅಂತ."

ಅಳಿಯ ಬಸ್ ಕಂಡಕ್ಟರ್. ಹಿತ್ತಿಲ ಬಾಗಿಲಲ್ಲಿ ಬಿಳುಚಿಕೊಂಡು ನಿಂತಿದ್ದ. ಪಕ್ಕದಲ್ಲಿ ಮೇಷ್ಟ್ರ ಮಗಳು, ತುಂಬು ಬಸುರಿ. ಅವಳು ಅಳುತ್ತಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅನುಮಾನವಿತ್ತು. ಇನ್‌ಸ್ಪೆಕ್ಟರಿಗೆ ಹೆಣಕ್ಕಿಂತ ಅದನ್ನು ನೋಡುವುದೇ ಕಷ್ಟವಾಯಿತು.

"ನಾನಲ್ಲ ಮೇಡಂ," ಎಂದ ಅವನು. "ಬಾಯಿ ಜಾರಿ ಅಂದೆ ಅಷ್ಟೆ."

ಮೇಲಿನ ಸಾಹೇಬರ ಫೋನೂ ಬಂತು. ಸಂಜೆಯೊಳಗೆ ಕೋರ್ಟಿಗೆ ಹಾಜರುಪಡಿಸಿ ಎಂದರು. ಕಂಡಕ್ಟರನ್ನು ಜೀಪು ಹತ್ತಿಸಿದರು.

* * *

"ಪುಟ್ಟಿ, ಏನಾಯ್ತು?"

ಊರಲ್ಲಿ ಇನ್‌ಸ್ಪೆಕ್ಟರನ್ನು ಹಾಗೆ ಕರೆಯುವವರು ಇಬ್ಬರೇ, ಅಕ್ಕ ಮತ್ತು ಭಾವ. ಭಾವ ನೌಕಾಪಡೆಯಿಂದ ನಿವೃತ್ತರಾಗಿ ಈಗ ಡಾಕ್‌ಯಾರ್ಡಿನ ಕಾವಲು ಅಧಿಕಾರಿ. ಅಪ್ಪ ಹೋದ ಮೇಲೆ ಅವಳನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು ಅವರೇ. ಪೊಲೀಸ್ ಪರೀಕ್ಷೆಗೆಂದು ದಿನಾ ಬೆಳಗ್ಗೆ ಓಡುವಾಗ ಪಕ್ಕದಲ್ಲಿ ಸೈಕಲ್ ತುಳಿದು ಜೊತೆಗೆ ಬಂದವರೂ ಅವರೇ. ಅವರನ್ನು ಕಂಡರೆ ಅವಳಿಗೆ ಅರ್ಧ ಭಾರ ಇಳಿದ ಹಾಗಾಗುತ್ತಿತ್ತು.

ಭಾವ ಓಣಿಯ ಆಚೆ ಬದಿಯಲ್ಲಿದ್ದರು. ಹಳಿಯ ಹತ್ತಿರ ಬಂದು ಒಂದು ಕ್ಷಣ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ದಾಟಿದರು. ಇಸ್ತ್ರಿಯ ಗೆರೆ ಕೆಡದ ಮನುಷ್ಯ. ಎಲ್ಲದರಲ್ಲೂ ಹಾಗೆಯೇ ಅಚ್ಚುಕಟ್ಟು.

"ಪಾಪ, ಒಳ್ಳೇ ಮನುಷ್ಯ," ಎಂದರು ಹೆಣದ ಕಡೆ ನೋಡದೆ. "ವಾರಕ್ಕೊಂದ್ಸಲ ನನ್ನ ಆಫೀಸಿಗೆ ಬರ್ತಿದ್ರು."

"ನೀವು ಏನು ಉತ್ತರ ಕೊಡ್ತಿದ್ರಿ?"

"ನೋಡೋಣ ಅಂತಿದ್ದೆ. ಮೇಲಿನವರು ಹೇಳಬೇಕಲ್ಲ."

"ಭಾವ, ಈ ಲೈನಿನ ಮೇಲೆ ನಿಜವಾಗ್ಲೂ ಏನೂ ಓಡಲ್ವಾ?"

"ಬಾ, ನೀನೇ ನೋಡು."

ಲೈನು ಡಾಕ್‌ಯಾರ್ಡಿನ ಗೋಡೆಯೊಳಕ್ಕೆ ಹೋಗುವಲ್ಲಿ ದೊಡ್ಡ ಕಬ್ಬಿಣದ ಬಾಗಿಲಿತ್ತು. ಬೀಗ ತುಕ್ಕು ಹಿಡಿದು ಮುದ್ದೆಯಾಗಿತ್ತು. ಕೀಲಿ ತೂರಿಸುವ ತೂತೇ ಮುಚ್ಚಿಹೋಗಿತ್ತು. ಭಾವ ಅದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು.

"ನಾನು ಕೆಲಸಕ್ಕೆ ಸೇರಿದ ಮೇಲೆ ಇದನ್ನ ತೆಗೆದೇ ಇಲ್ಲ. ತೆಗೆಯೋಕೂ ಆಗಲ್ಲ."

ಅವಳು ತಲೆಯಾಡಿಸಿದಳು. ಬೀಗ ಸುಳ್ಳು ಹೇಳುತ್ತಿರಲಿಲ್ಲ.

* * *

ಶವಾಗಾರದಲ್ಲಿ ಡಾಕ್ಟರು ಕನ್ನಡಕ ಒರೆಸಿಕೊಂಡರು.

"ದೊಣ್ಣೆ ಏಟಲ್ಲ ಇದು. ಎರಡೂ ಕಾಲಿನ ಮೂಳೆ ಒಂದೇ ಎತ್ತರದಲ್ಲಿ, ಒಂದೇ ಏಟಿಗೆ ಮುರಿದಿವೆ. ಭಾರದ ಗಾಡಿಯ ಮುಂಭಾಗ ಹೊಡೆದ ಹಾಗೆ."

"ಅಲ್ಲಿಗೆ ಆಟೋ ಕೂಡ ನುಗ್ಗಲ್ಲ ಡಾಕ್ಟ್ರೇ."

"ಅದು ನಿಮ್ಮ ತಲೆನೋವು. ಇನ್ನೊಂದು ವಿಷಯ ಇದೆ. ಗಟ್ಟಿಯಾಗಿ ಕೂತ್ಕೊಂಡು ಕೇಳಿ."

ಅವಳು ಕೂರಲಿಲ್ಲ.

"ಏಟು ಬಿದ್ದ ಕೂಡಲೇ ಪ್ರಾಣ ಹೋಗಿಲ್ಲ. ರಕ್ತ ನಿಧಾನಕ್ಕೆ ಸೋರಿದೆ. ಗಂಟೆಗಟ್ಟಲೆ ಬದುಕಿದ್ರು. ಯಾರಾದ್ರೂ ಇಲ್ಲಿಗೆ ತಂದಿದ್ರೆ ನಾನು ಉಳಿಸ್ತಿದ್ದೆ."

"ಮನೆ ಅಲ್ಲೇ ಇದೆ. ಕೂಗಿದ್ರೆ ಸಾಕಿತ್ತಲ್ಲ!"

"ಬಾಯಿ ಅದುಮಿದ ಗುರುತಿಲ್ಲ. ಅಂಗಿಯ ಕಾಲರು, ಎದೆ ಎಲ್ಲ ನೆಂದಿದೆ. ಬರೀ ನೀರು. ಯಾರೋ ತಲೆ ಎತ್ತಿ ಹಿಡಿದು ನೀರು ಕುಡಿಸಿದಾರೆ."

ಇನ್‌ಸ್ಪೆಕ್ಟರ್ ಕೊಂದವರನ್ನು ಕಂಡಿದ್ದಳು, ಕೊಂದು ಓಡಿದವರನ್ನು ಕಂಡಿದ್ದಳು. ಪಕ್ಕದಲ್ಲಿ ಕೂತು ನೀರು ಕುಡಿಸುತ್ತಾ ಸಾಯಲು ಬಿಟ್ಟವರನ್ನು ಕಂಡಿರಲಿಲ್ಲ. ಹೊರಗೆ ಬಂದು ಗೋಡೆ ಹಿಡಿದು ನಿಂತಳು.

* * *

ಮತ್ತೆ ಡಾಕ್ ಲೈನಿಗೆ ಬಂದಾಗ ಲಾಂಡ್ರಿ ಅಕ್ಕ ಒಬ್ಬಳೇ ಗೊಣಗಾಡುತ್ತಾ ಹಗ್ಗ ಕಟ್ಟುತ್ತಿದ್ದಳು.

"ಹಳಿ ಮೇಲೆ ಇನ್ನು ಒಣಗಿಸಲ್ವಾ?"

"ಸತ್ತ ಜಾಗ ಅಂತ ಅಲ್ಲಮ್ಮ, ನಮಗೆಲ್ಲಿ ಅಷ್ಟು ನಾಜೂಕು. ಬಟ್ಟೆಗೆ ಕಲೆ ಹಿಡೀತಿದೆ. ಲಾಡ್ಜಿನೋರು ಬೈತಾರೆ."

"ಕಬ್ಬಿಣ ಅಂದ್ಮೇಲೆ ತುಕ್ಕು ಹತ್ತಲ್ವಾ?"

"ನಮ್ಮತ್ತೆ ಕಾಲದಿಂದ ಇಲ್ಲೇ ಹರವಿದೀವಿ, ಹತ್ತಿರಲಿಲ್ಲ. ಈ ಮಳೆಗಾಲ ಕಳೆದ ಮೇಲೆ ಶುರುವಾಗಿದೆ. ಕೆಲವು ದಿನ ಚೆನ್ನಾಗಿರುತ್ತೆ, ಕೆಲವು ದಿನ ಅರಿಸಿನ ಬಳಿದ ಹಾಗೆ."

ಇನ್‌ಸ್ಪೆಕ್ಟರ್ ಬಗ್ಗಿ ಹಳಿಯ ಪಕ್ಕೆ ಮುಟ್ಟಿದಳು. ಅಲ್ಲಿಯ ತುಕ್ಕು ಕಪ್ಪಗೆ ಗಟ್ಟಿಯಾಗಿತ್ತು. ಕೈಗೆ ಏನೂ ಹತ್ತಲಿಲ್ಲ. ಹಳಿಯ ನೆತ್ತಿ ಸವರಿದಳು. ಬೆರಳು ಕಿತ್ತಳೆ ಬಣ್ಣಕ್ಕೆ ತಿರುಗಿತು.

ಹಳೇ ತುಕ್ಕನ್ನು ಏನೋ ಕೆರೆದು ಹಾಕಿದೆ. ಕಡಲ ಗಾಳಿಗೆ ಬೆಳಗಾಗುವುದರೊಳಗೆ ಹೊಸ ತುಕ್ಕು ಕೂತಿದೆ. ದೂರದಿಂದ ನೋಡಿದವರಿಗೆ ತುಕ್ಕೆಂದರೆ ತುಕ್ಕೇ. ಲೈನು ಬಳಕೆಯಲ್ಲಿತ್ತು!

ಅವಳು ಬಾಗಿಲಿಗೆ ಹೋದಳು. ಈ ಸಲ ಬೀಗ ನೋಡಲಿಲ್ಲ. ಇನ್ನೊಂದು ಬದಿಯಲ್ಲಿ ಬಾಗಿಲು ತಿರುಗುವ ಕೀಲುಗಳನ್ನು ನೋಡಿದಳು. ಗ್ರೀಸು ಮಿರಮಿರ ಮಿಂಚುತ್ತಿತ್ತು. ಗೋಡೆಯೊಳಗಿಂದ ಕೀಲಿನ ಸರಳು ಎಳೆದರೆ ಸಾಕು, ಬೀಗ ಬೀಗದ ಪಾಡಿಗಿರುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ.

"ದಫೇದಾರ್, ಕೆಳಗೆ ಗೂಡ್ಸ್ ಶೆಡ್ಡಿಗೆ ನಡೀರಿ."

ಶೆಡ್ಡಿನ ಮೂಲೆಯಲ್ಲಿ ಹರಿದ ಟಾರ್ಪಾಲು. ಅದರಡಿ ನಾಲ್ಕು ಗಾಲಿಯ ಟ್ರಾಲಿ, ಹಿಂದೆ ಹಳಿ ರಿಪೇರಿಯವರು ತಳ್ಳಿಕೊಂಡು ಓಡಾಡುತ್ತಿದ್ದಂಥದು. ಅದರ ಮೇಲೆ ಹಡಗಿನಿಂದ ಕಿತ್ತ ತಾಮ್ರದ ಪೈಪು, ಹಿತ್ತಾಳೆಯ ವಾಲ್ವುಗಳು. ದಫೇದಾರ್ ನೆಲಕ್ಕೆ ಮಲಗಿ ಅಡಿಗೆ ಇಣುಕಿದ. ಎದ್ದಾಗ ಅವನ ಮುಖ ಬಾಡಿತ್ತು. ಕೈಯಲ್ಲಿ ಒಂದು ಚಪ್ಪಲಿ ಇತ್ತು.

"ಮೇಷ್ಟ್ರದು ಮೇಡಂ. ಗಾಲಿಯ ಸಂದಿಲಿ ಸಿಕ್ಕಿಕೊಂಡಿತ್ತು."

ಅಷ್ಟರಲ್ಲಿ ಅವಳಿಗೆ ಬೆಳಗಿನ ಬೇರೊಂದು ದೃಶ್ಯ ಕಣ್ಣಿಗೆ ಕಟ್ಟಿತು. ಬೇಡ ಬೇಡವೆಂದರೂ ಕಟ್ಟಿತು. ಅವಳು ಆ ಟ್ರಾಲಿಯ ಅಂಚಿನ ಮೇಲೇ ಕುಸಿದು ಕೂತಳು.

"ನೀರು ತರ್ಲಾ ಮೇಡಂ?" ಎಂದ ದಫೇದಾರ್ ಗಾಬರಿಯಿಂದ.

"ನೀರಿನ ಮಾತೆತ್ತಬೇಡಿ," ಎಂದಳು.

* * *

ಮಧ್ಯಾಹ್ನ ಭಾವನನ್ನು ಲೈನಿನ ಬಾಗಿಲ ಹತ್ತಿರ ಕರೆಸಿದಳು. ಅವರು ಆಚೆ ಬದಿಯಿಂದ ಬಂದರು. ಹಳಿಯ ಹತ್ತಿರ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಬೆಳಗ್ಗೆನೂ ಹಾಗೇ ನೋಡಿದ್ರಿ ಭಾವ."

"ಏನು?"

"ಈ ಓಣಿಲಿ ಹಾಲು ಕುಡಿಯೋ ಮಗುನೂ ಈ ಹಳಿ ಮೇಲೆ ಅಂಬೆಗಾಲಿಡುತ್ತೆ. ಹೆದರಿ ಎರಡೂ ಕಡೆ ನೋಡಿ ದಾಟೋರು ಇಡೀ ಊರಲ್ಲಿ ನೀವೊಬ್ಬರೇ. ಇಲ್ಲಿ ಏನು ಬರುತ್ತೆ ಅಂತ ಗೊತ್ತಿರೋರೂ ನೀವೊಬ್ಬರೇ."

ಭಾವ ನಗಲು ನೋಡಿದರು. ನಗು ತುಟಿಯವರೆಗೂ ಬರಲಿಲ್ಲ.

"ಇದನ್ನೇ ಹಿಡ್ಕೊಂಡು..."

"ಇದೊಂದೇ ಅಲ್ಲ. ಬಾಗಿಲ ಕೀಲುಗಳಿಗೆ ಗ್ರೀಸು ಹಾಕಿದ್ದು ಒಳಗಿನೋರು. ಆ ಜಾಗದ ಕಾವಲು ನಿಮ್ಮದು. ಗೋಡೆಯಿಂದ ಶೆಡ್ಡಿಗೆ ಇಳಿಜಾರು, ತುಂಬಿದ ಟ್ರಾಲಿ ತಾನಾಗೇ ಉರುಳುತ್ತೆ, ಒಬ್ಬರೇ ಸಾಕು. ಮಾಲು ಒಯ್ಯೋಕೆ ಶೆಡ್ಡಿಗೆ ಬಂದು ಸಿಕ್ಕಿಬಿದ್ದ ಗುಜರಿಯವನು ಈಗ ಸ್ಟೇಷನ್ನಲ್ಲಿ ಕೂತಿದಾನೆ, ನಿಮ್ಮ ಹೆಸರು ಹೇಳಿದಾನೆ. ಆದ್ರೆ ನನಗೆ ಮೊದಲು ಹೊಳೆದಿದ್ದು ಮೇಷ್ಟ್ರ ಪ್ರಶ್ನೆ. ಬಳಕೆಲಿದೆ ಅಂದ್ರೆ ಯಾರು ಬಳಸ್ತಾರೆ ಅಂತ ಕೇಳ್ತಾರೆ. ಇಲ್ಲ ಅಂದ್ರೆ ಹಳಿ ಕೀಳ್ತಾರೆ. ಎರಡರಲ್ಲಿ ಯಾವುದು ಹೇಳಿದ್ರೂ ನಿಮಗೆ ಕುತ್ತು. ಅದಕ್ಕೇ ನೋಡೋಣ ನೋಡೋಣ ಅಂತ ಕಾಲ ತಳ್ಳಿದ್ರಿ."

ಭಾವ ಹಳಿಯ ಮೇಲೆ ಕೂತುಬಿಟ್ಟರು. ಇಸ್ತ್ರಿಯ ಪ್ಯಾಂಟಿಗೆ ತುಕ್ಕು ಹತ್ತಿದ್ದು ಅವರಿಗೆ ಗೊತ್ತಾಗಲಿಲ್ಲ.

"ಕತ್ತಲಲ್ಲಿ ಲೈನಿನ ಮಧ್ಯೆ ನಿಂತಿದ್ರು ಪುಟ್ಟಿ. ಬ್ರೇಕು ಒತ್ತಿದೆ, ನಿಲ್ಲಲಿಲ್ಲ. ಬೇಕಂತ ಮಾಡಿದ್ದಲ್ಲ."

"ಅದು ನಂಬ್ತೀನಿ. ಆಮೇಲಿಂದು ಹೇಳಿ. ಅವರು ಯಾಕೆ ಕೂಗಲಿಲ್ಲ?"

ಭಾವ ಮೇಷ್ಟ್ರ ಹಿತ್ತಿಲ ಕಡೆ ನೋಡಿದರು.

"ಆಂಬುಲೆನ್ಸಿಗೆ ಫೋನ್ ಮಾಡಿದೀನಿ, ಬರ್ತಾ ಇದೆ ಅಂದೆ."

ಹಿಂದೆ ನಿಂತಿದ್ದ ದಫೇದಾರ್ ಕೈಯಲ್ಲಿದ್ದ ಲಾಠಿ ನೆಲಕ್ಕೆ ಬಿತ್ತು.

"ಮಾಡಿರಲಿಲ್ಲ," ಎಂದರು ಭಾವ. "ಬಂದ್ರೆ ಏನು ಹೊಡೀತು ಅಂತ ಕೇಳ್ತಿದ್ರು. ಅವರು ಹೇಳಿಬಿಡ್ತಿದ್ರು. ಟ್ರಾಲಿ ಶೆಡ್ಡಿಗೆ ಸೇರಿಸಿ ವಾಪಸ್ ಬಂದು ಪಕ್ಕದಲ್ಲೇ ಕೂತಿದ್ದೆ. ನೀರು ಕೇಳಿದ್ರು, ಕೊಟ್ಟೆ. ಒಂದ್ಸಲ ಏನಂದ್ರು ಗೊತ್ತಾ? 'ನೋಡಿ ಸಾರ್, ನಾನು ಹೇಳಿರಲಿಲ್ವಾ, ಲೈನು ಬಳಕೆಲಿದೆ' ಅಂದ್ರು. ಖುಷಿಯಾಗೇ ಅಂದ್ರು. ನನ್ನ ಮೇಲೆ ಕೋಪಾನೇ ಇರಲಿಲ್ಲ ಅವರಿಗೆ."

ಇನ್‌ಸ್ಪೆಕ್ಟರಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಸೈಕಲ್ ತುಳಿಯುತ್ತಾ 'ಇನ್ನೊಂದು ಸುತ್ತು ಪುಟ್ಟಿ, ಇನ್ನೊಂದೇ ಸುತ್ತು' ಎಂದು ಹುರಿದುಂಬಿಸುತ್ತಿದ್ದ ದನಿಯೇ ಇದು. ಅದೇ ದನಿ ಸಾಯುವವನಿಗೂ ಸಮಾಧಾನ ಹೇಳುತ್ತಾ ಕೂತಿತ್ತು.

"ನಿನ್ನ ಓದಿನ ಖರ್ಚಿಗೆ ಅಂತ ಊಟದ ಡಬ್ಬಿಲಿ ಸಣ್ಣಪುಟ್ಟದು ತಂದಿದ್ದೆ ಮೊದಲು," ಎಂದರು ಭಾವ ತಲೆ ತಗ್ಗಿಸಿ. "ಹಾಗೆ ಶುರುವಾಗಿದ್ದು ಅಂದ್ರೆ ನಂಬ್ತೀಯಾ?"

"ನಂಬ್ತೀನಿ," ಎಂದಳು. ಕಣ್ಣು ತುಂಬಿತ್ತು. "ಏಳಿ ಭಾವ. ಜೀಪಿನಲ್ಲಿ ಕೂತ್ಕೊಳ್ಳಿ."

* * *

ಸ್ಟೇಷನ್ನಲ್ಲಿ ಲಾಕಪ್ ಒಂದೇ. ಕಂಡಕ್ಟರು ಹೊರಗೆ ಬಂದ, ಭಾವ ಒಳಗೆ ಹೋದರು. ದಫೇದಾರ್ ಯಾರ ಮುಖವನ್ನೂ ನೋಡದೆ ಬಾಗಿಲು ಹಾಕಿದ.

ಮೇಷ್ಟ್ರ ಮಗಳು ಬೆಂಚಿನಿಂದ ಕಷ್ಟಪಟ್ಟು ಎದ್ದಳು. ಗಂಡನ ಎದುರು ನಿಂತು ಅವನ ಅಂಗಿಯ ತೋಳು ಹಿಡಿದುಕೊಂಡಳು. ಅವನು ಅವಳ ಕೈ ಮೇಲೆ ಕೈಯಿಟ್ಟ. ಆಮೇಲೆ ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ಮೇಡಂ, ಒಂದು ಕೇಳ್ಲಾ? ಹಿತ್ತಿಲ ಕಿಟಕಿ ತೆಗೆದೇ ಇತ್ತು. ಅಪ್ಪ ನನ್ನ ಕೂಗಿದ್ರಾ? ನಿದ್ದೇಲಿ ನನಗೇ ಕೇಳಿಸ್ಲಿಲ್ವಾ?"

ಸುಳ್ಳು ಹೇಳುವುದು ಸುಲಭವಿತ್ತು. ಏಟು ಬಿದ್ದ ಕೂಡಲೇ ಪ್ರಾಣ ಹೋಯಿತು, ನೋವೇ ಗೊತ್ತಾಗಲಿಲ್ಲ ಎಂದು ಎಷ್ಟೋ ಮನೆಗಳಲ್ಲಿ ಹೇಳಿದ್ದಳು. ಲಾಕಪ್ಪಿನ ಕಂಬಿಗಳ ಹಿಂದಿನಿಂದ ಭಾವ ಅವಳನ್ನೇ ನೋಡುತ್ತಿದ್ದರು. ಹೇಳಬೇಡ ಎನ್ನುತ್ತಿತ್ತು ಆ ನೋಟ. ಸುಳ್ಳು ಹೇಳಿದರೆ ಈ ಹುಡುಗಿ ಬದುಕಿಡೀ ಆ ಕಿಟಕಿಯ ಹತ್ತಿರ ಕಿವಿಗೊಟ್ಟು ಕೂರುತ್ತಾಳೆ.

"ಕೂಗಲಿಲ್ಲಮ್ಮ," ಎಂದಳು ಇನ್‌ಸ್ಪೆಕ್ಟರ್. "ಗಂಟೆಗಟ್ಟಲೆ ಬದುಕಿದ್ರು. ಆಂಬುಲೆನ್ಸ್ ಬರ್ತಿದೆ ಅಂತ ಅವರನ್ನ ನಂಬಿಸಿದ್ರು. ನಂಬಿಸಿದ್ದು ನನ್ನ ಭಾವ."

ಹುಡುಗಿ ನಿಧಾನವಾಗಿ ಕಂಬಿಗಳ ಹತ್ತಿರ ಹೋದಳು. ಒಳಗಿದ್ದವರನ್ನು ನೋಡಿದಳು. ಬೈಯಲಿಲ್ಲ, ಉಗುಳಲಿಲ್ಲ.

"ಒಂದು ಫೋನ್ ಮಾಡಬಹುದಿತ್ತಲ್ಲ ಸಾರ್," ಎಂದಳು.

ಭಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಫೋನು ಎತ್ತಿಕೊಂಡು ಅಕ್ಕನ ನಂಬರು ಒತ್ತಿದಳು.