ಬಾಗಿಲು ಕಿತ್ತವನು

ಕಿರ್ರ್ರ್...!

ಬಾಗಿಲ ಸಂದಿಯಿಂದ ಕಿಡಿಗಳು ಒಳಗೆ ಹಾರಿದವು. ಬ್ಲೌಸ್ ಬಟ್ಟೆ ಕತ್ತರಿಸುತ್ತಿದ್ದ ಮಹೇಕ್ ಬೆಚ್ಚಿ ಏಳುವಷ್ಟರಲ್ಲಿ ಕೀಲುಗಳು ತುಂಡಾಗಿ ಬಾಗಿಲು ಧಡ್ ಎಂದು ಬಿತ್ತು.

ಹಾಡಹಗಲಲ್ಲಿ! ಪಾಂಡವಪುರದ ತುಂಬಿದ ಬೀದಿಯಲ್ಲಿ!

ಹೊಸ್ತಿಲಾಚೆ ಎತ್ತರದ ಹುಡುಗನೊಬ್ಬ, ಕೈಯಲ್ಲಿ ಕಬ್ಬಿಣ ಕೊಯ್ಯುವ ಮಿಷನ್ನು. ಮಹೇಕ್ ಯೋಚಿಸಲಿಲ್ಲ. ಹಿಡಿದಿದ್ದ ಕತ್ತರಿಯನ್ನೇ ಬೀಸಿದಳು. ಅವನ ಮುಂಗೈ ಸೀಳಿ ರಕ್ತ ಚಿಮ್ಮಿತು.

"ಯಾ ಅಲ್ಲಾ! ಒಳಗೆ ಜನ ಅವ್ರೆ! ಖಾಲಿ ಮನೆ ಅಂದ್ರಲ್ಲ ಸಾಹೇಬ್ರೇ?" ಹುಡುಗ ಹಿಂದಕ್ಕೆ ತಿರುಗಿ ಕೂಗಿದ.

"ಇನ್ನೊಂದ್ ಹೆಜ್ಜೆ ಇಟ್ರೆ ಕುತ್ಗೆಗೇ ಹಾಕ್ತೀನಿ!"

ಹಿಂದೆ ನಿಂತಿದ್ದ ಮನೆ ಮಾಲೀಕ ಶಹಾಬುದ್ದೀನ್ ನಕ್ಕ. "ಈಗ ಖಾಲಿ ಆಯ್ತದೆ ಬುಡ್ಲಾ ಅರ್ಫಾತ್. ಬಾಗ್ಲಿಲ್ದೆ ಎಷ್ಟ್ ದಿನ ಇರ್ತಾರೆ ನೋಡಾನ!"

ಆಳುಗಳು ಬಾಗಿಲನ್ನು ಗೂಡ್ಸ್ ಆಟೋಗೆ ಎಸೆದರು. ಅರ್ಫಾತನ ಕಣ್ಣಲ್ಲಿ ನಾಚಿಕೆಯಿತ್ತು. ಮಹೇಕ್‌ಗೆ ಅದು ಕಾಣಲಿಲ್ಲ. 'ಬಾಗಿಲು ಕಿತ್ತವನು... ಥೂ!'

ಆಗಿದ್ದಿಷ್ಟು. ಅವಳ ತಂದೆ ಸಾಯುವ ಮುಂಚೆ ಈ ಮನೆಯನ್ನು ಭೋಗ್ಯಕ್ಕೆ ಹಿಡಿದಿದ್ದರು. ಮೊದಲೇ ದೊಡ್ಡ ಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಗಂಟು ವಾಪಸ್ಸು ಪಡೆಯುವುದು. ಬಿಟ್ಟ ಮೇಲೆ ಕೊಡುತ್ತೇನೆ ಎಂದು ಶಹಾಬುದ್ದೀನ್, ಕೊಟ್ಟ ಮೇಲೆ ಬಿಡುತ್ತೇನೆ ಎಂದು ಮಹೇಕ್. ಆ ಮಹಾಶಯ ಬಿಟ್ಟವರಿಗೆ ಕೊಟ್ಟಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ!

ಅವಳು ಪಾಲಹಳ್ಳಿಯಲ್ಲಿ ಎರಡು ಕೋಣೆಯ ಮನೆ ನೋಡಿಟ್ಟಿದ್ದಳು. ಹೊಲಿಗೆಯ ಹುಡುಗಿಗೆ ಸಾಲವೇ ಎಂದು ಬ್ಯಾಂಕುಗಳೆಲ್ಲ ಮುಖ ತಿರುಗಿಸಿದ ಮೇಲೆ, ಶ್ರೀರಂಗಪಟ್ಟಣದ ಒಂದು ಗೃಹಸಾಲ ಸಂಘದ ಮ್ಯಾನೇಜರ್ ಅನುಶ್ರೀ ಒಪ್ಪಿದ್ದರು.

"ಬೆಲೇಲಿ ಹತ್ತರಲ್ಲೊಂದು ಪಾಲು ನೀವ್ ಹಾಕಿ, ಮಿಕ್ಕಿದ್ದು ನಾವ್ ಕೊಡ್ತೀವಿ. ಆದ್ರೆ ಅದು ನಿಮ್ಮ ಸ್ವಂತ ದುಡ್ಡಾಗಿರ್ಬೇಕು. ಇನ್ನೊಬ್ರತ್ರ ಸಾಲ ತಂದು ಕಟ್ಟಂಗಿಲ್ಲ. ಮಾರೋರು ಈ ತಿಂಗಳ ಕೊನೇವರ್ಗೂ ಮಾತ್ರ ಕಾಯ್ತಾರೆ."

ಆ ಸ್ವಂತದ್ದೆಲ್ಲ ಶಹಾಬುದ್ದೀನನ ಮುಷ್ಟಿಯಲ್ಲಿತ್ತು.

ಮರುದಿನ ಅರ್ಫಾತ್ ಮತ್ತೆ ಬಂದ. ಕೈಗೆ ಪಟ್ಟಿ, ಆಟೋದಲ್ಲಿ ಒಂದು ಕಬ್ಬಿಣದ ಬಾಗಿಲು. ಕೆ.ಆರ್. ಪೇಟೆಯ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ತಾನೇ ಮಾಡಿದ್ದು.

"ಇವತ್ತು ಕಿಟ್ಕಿ ಕೀಳಕ್ ಬಂದ್ಯಾ?" ಮಹೇಕ್ ಎಸೆದ ಚೊಂಬು ಅವನ ಹುಬ್ಬಿಗೆ ಬಡಿಯಿತು.

ಅವನು ತಪ್ಪಿಸಿಕೊಳ್ಳಲಿಲ್ಲ. "ಹೊಡೀರಿ. ತಪ್ಪು ನಂದೇ. ಅವನ್ ಕೂಲಿ ಅವನ್ ಮುಖಕ್ಕೇ ಎಸ್ದು ಬಂದಿವ್ನಿ. ಬಾಗ್ಲು ಕೂರ್ಸ್ಕೊಡ್ತೀನಿ..."

"ನಿನ್ ಬಾಗ್ಲೂ ಬೇಡ, ನೀನೂ ಬೇಡ!"

ಅವನು ಹೋದ. ಆದರೆ ದಿನಾ ಬಂದ. ಎದುರಿನ ಟೀ ಅಂಗಡಿಯಲ್ಲಿ ಕುಳಿತು, ಹಳೇ ದುಪ್ಪಟಿ ಇಳಿಬಿಟ್ಟಿದ್ದ ಆ ಬಾಗಿಲ ಜಾಗವನ್ನೇ ನೋಡುತ್ತಿದ್ದ.

"ಮಾಲೀಕನ ಗೂಢಚಾರ ಅಮ್ಮಿ ಅವ್ನು!"

ತಾಯಿ ರೆಹಮತುನ್ನೀಸಾ ತಲೆಯಾಡಿಸಿದರು. "ಕಾವಲು ಕಾಯ್ತಾವ್ನೆ ಬೇಟಿ."

'ಗೂಢಚಾರನೇ ಆದರೆ ಅವನು ಬಂದ ಕೂಡಲೇ ನನಗೇಕೆ ಧೈರ್ಯ ಬರುತ್ತದೆ?' ಮಹೇಕ್‌ಗೆ ತನ್ನ ಮೇಲೇ ಸಿಟ್ಟು ಬಂತು.

ತಿಂಗಳ ಕೊನೆಯ ಶುಕ್ರವಾರ ಶಹಾಬುದ್ದೀನ್ ರಾಡು ಹಿಡಿದ ಮೂವರೊಂದಿಗೆ ನುಗ್ಗಿದ. ದುಪ್ಪಟಿ ಹರಿಯಿತು. ಹೊಲಿಗೆ ಮಿಷನ್ನು ಬೀದಿಗೆ ಹಾರಿ ಮುರಿದುಬಿತ್ತು.

ಅರ್ಫಾತ್ ಓಡಿಬಂದು ಹೊಸ್ತಿಲಿಗೆ ಅಡ್ಡ ನಿಂತ. ಮೊದಲ ಏಟು ಭುಜಕ್ಕೆ, ಎರಡನೆಯದು ತಲೆಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು. ಆದರೂ ಕದಲಲಿಲ್ಲ!

"ಒಳಗೋಗಿ ಮಹೇಕ್!"

ತನ್ನ ಹೆಸರನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಅವಳು ಒಳಗೆ ಓಡಿದಳು... ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ವಾಪಸ್ಸಾದಳು. ರಾಡು ಎತ್ತಿದವನ ಕೈಗೆ ಒತ್ತಿದಳು. ಚರ್ರ್! ಅವನ ಕಿರುಚಾಟಕ್ಕೆ ಉಳಿದಿಬ್ಬರು ಓಟ ಕಿತ್ತರು.

ಅರ್ಫಾತ್ ಶಹಾಬುದ್ದೀನನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಬಡಿದ. ಬಿದ್ದ ರಾಡು ಈಗ ಅರ್ಫಾತನ ಕೈಯಲ್ಲಿತ್ತು.

"ಬೇಡ!" ಮಹೇಕ್ ಅವನ ಕೈಗೆ ಜೋತುಬಿದ್ದಳು. "ಇವ್ನು ಸತ್ರೆ ನನ್ ದುಡ್ಡು ಯಾರ್ ಕೊಡ್ತಾರೆ? ನೀನ್ ಜೈಲಿಗೋದ್ರೆ ನಾನ್..."

ಜುಮ್ಮಾ ನಮಾಜು ಮುಗಿಸಿ ಬಂದ ಜನ ಸುತ್ತುವರಿದಿದ್ದರು. ಹಿರಿಯರು ಶಹಾಬುದ್ದೀನನನ್ನು ಅಲ್ಲೇ ಕೂರಿಸಿ ದುಡ್ಡು ಕಕ್ಕಿಸಿದರು. ಸಿಕ್ಕಿದ್ದು ಅರ್ಧ ಗಂಟು. ಉಳಿದದ್ದಕ್ಕೆ ಮೂರು ತಿಂಗಳ ವಾಯಿದೆ.

ಸಂಘಕ್ಕೆ ಕಟ್ಟುವ ಪಾಲಿಗೆ ಅದು ಸಾಲದು! ಉಳಿದಿದ್ದು ನಾಳೆ ಒಂದೇ ದಿನ.

ಮಹೇಕ್ ಅವನನ್ನು ಹೊಸ್ತಿಲ ಮೇಲೆ ಕೂರಿಸಿ ತಲೆಯ ಗಾಯ ಒರೆಸಿದಳು.

"ಕಮ್ಮಿ ಬಿದ್ದಿದ್ದು ನನ್ನತ್ರ ಅದೆ," ಎಂದ ಅರ್ಫಾತ್. "ಹೊಸ ಮಿಷನ್ನಿಗೆ ಮಡಗಿದ್ದೆ. ತಕ್ಕಳಿ."

"ಸಾಲದ ದುಡ್ಡು ಕಟ್ಟಂಗಿಲ್ಲ."

"ಸುಮ್ನೆ ತಕ್ಕಳಿ. ವಾಪಸ್ ಬೇಡ."

"ನಾನೇನ್ ಭಿಕ್ಷೆ ಬೇಡಿದ್ನಾ?"

ಅವನು ತಲೆತಗ್ಗಿಸಿ ಎದ್ದ. ಎರಡು ಹೆಜ್ಜೆ ಇಟ್ಟ. 'ಹೋಗಿಬಿಡುತ್ತಾನೆ... ಇವನು ಹೋದರೆ ಮನೆ ಸಿಕ್ಕಿ ತಾನೆ ಏನು?'

"ನಿಲ್ಲು! ಸಾಲ ಬೇಡ, ದಾನ ಬೇಡ... ಮೆಹರ್ ಅಂತ ಕೊಡು."

ಅರ್ಫಾತ್ ಗಕ್ಕನೆ ತಿರುಗಿದ.

ನಿಕಾಹದಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದ ಹಣ ಅದು. ಕೊಟ್ಟ ಮೇಲೆ ಅವಳದು, ಅವಳೊಬ್ಬಳದು.

"ನಾಳೆ ಬೆಳಿಗ್ಗೆ ನಿಕಾಹ್," ಅವಳ ಕಣ್ಣು ತುಂಬಿ ಬಂದಿತ್ತು. "ಮಧ್ಯಾಹ್ನ ಅನುಶ್ರೀ ಮೇಡಂ ಆಫೀಸು. ಮನೆ ನನ್ನೆಸರಲ್ಲೇ ಇರ್ತದೆ. ಒಪ್ಗೇನಾ?"

"ನಾನ್... ಬಾಗ್ಲು ಕಿತ್ತವ್ನು ಕಣ್ರೀ ಮಹೇಕ್."

"ಅದ್ಕೇ. ಕಿತ್ತವ್ನೇ ಕೂರ್ಸು!"

ಒಳಗಿನಿಂದ ರೆಹಮತುನ್ನೀಸಾ ಬಿಕ್ಕಿದ್ದು ಇಬ್ಬರಿಗೂ ಕೇಳಿಸಿತು.

ನಿಕಾಹ್ ಮುಗಿದು ಸಾಲ ಕೈಸೇರಿದ ವಾರ, ಪಾಲಹಳ್ಳಿಯ ಮನೆಗೆ ಆ ಕಬ್ಬಿಣದ ಬಾಗಿಲು ಬಂತು. ಕೊನೆಯ ಕೀಲು ಬೆಸೆದು ಅರ್ಫಾತ್ ಕೇಳಿದ, "ಚಿಲ್ಕ ಯಾವ್ ಕಡೆ ಹಾಕ್ಲಿ?"

"ಒಳ್ಗಡೆ."

"ನಾನ್ ಆಚೆ ಉಳ್ಕಂಡ್ರೆ?"

ಮಹೇಕ್ ಅವನ ಮುಂಗೈಯ ಗಾಯದ ಗುರುತನ್ನು ಮೆಲ್ಲಗೆ ಸವರಿದಳು.

"ನನ್ ಹೆಸ್ರು ಹಿಡಿದು ಕೂಗು. ತೆಗೀತೀನಿ."