ನಲವತ್ತಕ್ಕಿಂತ ಕಡಿಮೆ ಬಂದವಳು

“ಮೂರನೇ ಸಾಲು ತಪ್ಪು!”

ಹಿಂದಿನ ಬೆಂಚಿನಿಂದ ಬಂದ ಆ ಮಾತಿಗೆ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದ ಹುಡುಗಿಗೆ ಮೈಯೆಲ್ಲ ಉರಿದುಹೋಯಿತು. ಕಾಲೇಜು ಸೇರಿ ಇನ್ನೂ ವಾರ ಕಳೆದಿಲ್ಲ, ಯಾರಿವನು ಅಧಿಕಪ್ರಸಂಗಿ!

“ಕೂತಲ್ಲಿಂದ ಹೇಳೋದು ಸುಲಭ. ಬಂದು ಸರಿ ಮಾಡಿ ತೋರಿಸು!”

ಅವನು ಬಂದ. ಹಲಗೆಯನ್ನೇ ನೋಡಿದ. ತಲೆ ಕೆರೆದುಕೊಂಡ.

“ತಪ್ಪು ಅಂತ ಗೊತ್ತು... ಸರಿ ಯಾವುದು ಅಂತ ಗೊತ್ತಿಲ್ಲ.”

ಈಗ ನಗುವ ಸರದಿ ಅವಳದು. ನಗುತ್ತಲೇ ಆ ಸಾಲು ಅಳಿಸಿ ಸರಿಯಾಗಿ ಬರೆದಳು. ಅವನು ಮಾತ್ರ ಹಲಗೆ ಬಿಟ್ಟು ಅವಳನ್ನೇ ನೋಡುತ್ತಿದ್ದ, ಪಾಪ!

ಅವನಿಗೆ ಗೆಳೆಯರು ಇಟ್ಟ ಹೆಸರು ‘ಸರಾಸರಿ’. ಬಸ್ಸು ಎಷ್ಟು ನಿಮಿಷ ತಡ, ಕ್ಯಾಂಟೀನಿನಲ್ಲಿ ಎಷ್ಟು ಹೊತ್ತು ಕಾಯಬೇಕು, ಎಲ್ಲದಕ್ಕೂ ಸರಾಸರಿ ತೆಗೆಯುವ ಆಸಾಮಿ. ಅವಳಿಗೋ ಒಂದು ಮಾತು ನಿಜ ಅಂದರೆ ಯಾವಾಗಲೂ ನಿಜವಾಗಿರಬೇಕು, ಯಾಕೆ ನಿಜ ಅಂತ ಸಾಧಿಸಿ ತೋರಿಸಬೇಕು. ಹಾವು ಮುಂಗುಸಿ ಅಂತ ಎಲ್ಲರೂ ಛೇಡಿಸಿದರು. ಆದರೆ ಆ ಹಾವು, ಆ ಮುಂಗುಸಿ ಲೈಬ್ರರಿಯಲ್ಲಿ ದಿನಾ ಒಂದೇ ಮೇಜಿಗೆ ಬಂದು ಕೂರುತ್ತಿದ್ದವು!

ಮೊದಲ ವರ್ಷ ಎಲ್ಲರಿಗೂ ಎರಡೂ ವಿಷಯ. ವರ್ಷದ ಕೊನೆಗೆ ಫಾರ್ಮ್ ತುಂಬಿ ಒಂದನ್ನು ಆರಿಸಿಕೊಳ್ಳಬೇಕು, ಗಣಿತವೋ ಸ್ಟ್ಯಾಟಿಸ್ಟಿಕ್ಸೋ. ಅವನದು ಸ್ಟ್ಯಾಟಿಸ್ಟಿಕ್ಸ್, ಅದರಲ್ಲಿ ಅನುಮಾನವೇ ಇಲ್ಲ. ಅವಳ ಜೀವ ಗಣಿತದಲ್ಲಿತ್ತು. ಆದರೆ ಅನಾಲಿಸಿಸ್ ಎಂಬ ಗಣಿತದ ಪೇಪರಿನ ಮೊದಲ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ನೂರಕ್ಕೆ ಮೂವತ್ತೆಂಟು.

ಶುಕ್ರವಾರ ನಾಲ್ಕು ಗಂಟೆಗೆ ಫಾರ್ಮ್ ಕೊಡಬೇಕಿತ್ತು. ಸೋಮವಾರ ಅವನು ಮೇಜಿನ ಮೇಲೆ ಒಂದು ಹಾಳೆ ಸರಿಸಿದ.

“ಎರಡು ದಿನ ಆಫೀಸಲ್ಲಿ ಕೂತು ಗಣಿತ ಬಿಟ್ಟೋರ ರಿಜಿಸ್ಟರ್ ನೋಡಿದೆ. ಗಣಿತ ತಗೊಂಡು, ಆಮೇಲೆ ಬಿಟ್ಟು ಸ್ಟ್ಯಾಟಿಸ್ಟಿಕ್ಸ್‌ಗೆ ಬಂದೋರು ಆರು ವರ್ಷದಲ್ಲಿ ನಲವತ್ತೊಂದು ಜನ. ಅವರಲ್ಲಿ ಮೂವತ್ತಾರು ಜನಕ್ಕೆ ಅನಾಲಿಸಿಸ್ ಮೊದಲ ಪರೀಕ್ಷೇಲಿ ನಲವತ್ತಕ್ಕಿಂತ ಕಡಿಮೆ ಬಂದಿತ್ತು. ನೂರಕ್ಕೆ ಎಂಬತ್ತೆಂಟು!”

“ಅಂದ್ರೆ?”

“ಅಂದ್ರೆ... ನಲವತ್ತಕ್ಕಿಂತ ಕಡಿಮೆ ಬಂದೋರಿಗೆ ಗಣಿತ ಕಷ್ಟ. ನೀನೂ ಸ್ಟ್ಯಾಟಿಸ್ಟಿಕ್ಸ್ ತಗೋ.”

ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ‘ಇವನೂನಾ... ಇವನಿಗೂ ನಾನು ದಡ್ಡಿ ಅನಿಸಿಬಿಟ್ಟೆನಾ?’

“ನನ್ನ ಕೈಲಿ ಆಗಲ್ಲ ಅಂತ ನೇರವಾಗೇ ಹೇಳು. ಅದಕ್ಕೆ ಲೆಕ್ಕ ಯಾಕೆ?”

ಪುಸ್ತಕ ಎತ್ತಿಕೊಂಡು ಹೊರಟೇ ಹೋದಳು. ಹಿಂದಿನಿಂದ ಅವನು ಕರೆದದ್ದು ಕೇಳಿಸಿತು, ತಿರುಗಲಿಲ್ಲ. ಆದರೆ ಆ ಹಾಳೆ ಪುಸ್ತಕದೊಳಗೆ ಸಿಕ್ಕಿಕೊಂಡು ಮನೆಗೂ ಬಂತು!

ಮೂರು ದಿನ ಮಾತಿಲ್ಲ ಕತೆಯಿಲ್ಲ. ಸಿಟ್ಟು ಅವನ ಮೇಲೆ, ಅನುಮಾನ ತನ್ನ ಮೇಲೆ. ಅಂಕಿ ಸುಳ್ಳು ಹೇಳುತ್ತದೆಯೇ? ಗುರುವಾರ ಸಂಜೆ ಫಾರ್ಮಿನಲ್ಲಿ ‘ಸ್ಟ್ಯಾಟಿಸ್ಟಿಕ್ಸ್’ ಎಂದು ಪೆನ್ಸಿಲ್‌ನಲ್ಲಿ ಬರೆದು, ಅದನ್ನೇ ನೋಡುತ್ತಾ ಕೂತಿದ್ದಳು.

ಲಿಫ್ಟ್ ರಿಪೇರಿ ಮಾಡುವ ಅಪ್ಪ ಕೆಲಸದಿಂದ ಬಂದು, ಕೈಗೆ ಮೆತ್ತಿದ್ದ ಗ್ರೀಸ್ ತಿಕ್ಕಿ ತೊಳೆಯುತ್ತಾ ಗೊಣಗಿದರು. “ಇವತ್ತು ಐದು ಕಟ್ಟಡಕ್ಕೆ ಹೋಗಿದ್ದೆ. ಐದರಲ್ಲೂ ಲಿಫ್ಟ್ ಕೆಟ್ಟಿತ್ತು.”

“ಅಯ್ಯೋ, ಇನ್ಮೇಲೆ ಲಿಫ್ಟ್ ಹತ್ತೋಕೇ ಹೆದರಿಕೆ ಆಗತ್ತಪ್ಪ!”

ಅಪ್ಪ ನಕ್ಕರು. “ಹುಚ್ಚು ಹುಡುಗಿ! ಲಿಫ್ಟ್ ಚೆನ್ನಾಗಿದ್ರೆ ನನ್ನನ್ನ ಯಾಕೆ ಕರೀತಾರೆ? ನಾನು ನೋಡೋದೆಲ್ಲ ಕೆಟ್ಟಿರೋದನ್ನೇ.”

ಅವಳು ದಿಗ್ಗನೆ ಎದ್ದು ನಿಂತಳು. ಪುಸ್ತಕದಿಂದ ಆ ಹಾಳೆ ತೆಗೆದು ಮತ್ತೆ ಓದಿದಳು.

‘ಬಿಟ್ಟವರ ರಿಜಿಸ್ಟರ್... ಅದರಲ್ಲಿ ಬಿಟ್ಟವರಷ್ಟೇ ಇರೋದು! ಬಿಡದೆ ಉಳಿದವರು ಎಲ್ಲಿ?’

“ಏನಾಯ್ತೇ ಪುಟ್ಟಿ?”

“ಅಪ್ಪಾ... ನೀನು ಪ್ರೊಫೆಸರ್ ಆಗಬೇಕಿತ್ತು!”

ಶುಕ್ರವಾರ ಬಾಗಿಲು ತೆರೆಯುವ ಮೊದಲೇ ಆಫೀಸಿನ ಮುಂದೆ ನಿಂತಿದ್ದಳು. “ಇದೇನು ಎಲ್ಲರಿಗೂ ಒಂದೇ ಹುಚ್ಚು ಹಿಡಿದಿದೆ!” ಎನ್ನುತ್ತಲೇ ಗುಮಾಸ್ತೆ ಮೇಡಂ ಅದೇ ಆರು ವರ್ಷಗಳ ಅಂಕಪಟ್ಟಿ ತೆಗೆದುಕೊಟ್ಟರು. ಅವಳು ಊಟ ಮರೆತು ಒಂದೊಂದೇ ಸಾಲು ಬೆರಳಿಟ್ಟು ಎಣಿಸಿದಳು, ತಪ್ಪಿರಬಾರದೆಂದು ಇನ್ನೊಮ್ಮೆ ಎಣಿಸಿದಳು.

ಮೂರೂಮುಕ್ಕಾಲಿಗೆ ಅವನು ಕಾರಿಡಾರಿನಲ್ಲಿ ಸಿಕ್ಕ. ಮುಖ ಬಾಡಿತ್ತು.

“ನಲವತ್ತಕ್ಕಿಂತ ಕಡಿಮೆ ತಗೊಂಡೂ ಗಣಿತಕ್ಕೆ ಹೋದೋರು ತೊಂಬತ್ತನಾಲ್ಕು ಜನ,” ಎಂದಳು ಒಂದೇ ಉಸಿರಿಗೆ. “ಮೂವತ್ತಾರು ಜನ ಬಿಟ್ರು. ಐವತ್ತೆಂಟು ಜನ ಉಳಿದ್ರು. ಅದರಲ್ಲಿ ಐವತ್ತೊಂದು ಜನ ಡಿಗ್ರಿ ಮುಗಿಸಿದ್ರು! ಅವರು ನಿನ್ನ ಕಣ್ಣಿಗೆ ಬೀಳಲೇ ಇಲ್ವಾ?”

ಅವಳು ಎಣಿಸಿ ಬರೆದಿದ್ದ ಹಾಳೆ ನೋಡುತ್ತಿದ್ದಂತೆ ಅವನ ಮುಖ ಕೆಂಪಾಯಿತು.

“ಛೆ... ಎಂಥ ತಪ್ಪು! ಮೊದಲ ವಾರದ ಪಾಠ ಇದು.”

“ಎಲ್ಲದರ ಲೆಕ್ಕ ಎರಡೆರಡು ಸಲ ನೋಡೋನು ನೀನು. ಇದನ್ನ ಯಾಕೆ ನೋಡಲಿಲ್ಲ?”

ಅವನು ಹಾಳೆ ಮಡಿಸಿ ಅವಳಿಗೆ ವಾಪಸ್ ಕೊಟ್ಟ.

“ನನಗೆ ಬೇಕಾದ ಉತ್ತರ ಬಂತು... ಅಲ್ಲಿಗೇ ನಿಲ್ಲಿಸಿಬಿಟ್ಟೆ. ಇನ್ನೆರಡು ವರ್ಷ ನೀನು ನನ್ನ ಪಕ್ಕದ ಬೆಂಚಲ್ಲೇ ಇರಲಿ ಅಂತ ಆಸೆ ಇತ್ತು ಕಣೇ. ಪ್ರೀತಿಸ್ತೀನಿ ಅಂತ ಹೇಳೋ ಧೈರ್ಯ ಇರಲಿಲ್ಲ.”

ಅವಳ ಎದೆ ಡವಡವ ಹೊಡೆದುಕೊಂಡಿತು. ಆದರೂ ಗಡಿಯಾರ ನೋಡಿದಳು. ಹತ್ತು ನಿಮಿಷವಿದೆ.

“ಇರು, ಬಂದೆ.”

ಪೆನ್ಸಿಲ್ ಬರಹವನ್ನು ಉಜ್ಜಿ ಅಳಿಸಿ, ಪೆನ್ನಿನಲ್ಲಿ ‘ಗಣಿತ’ ಎಂದು ಬರೆದು, ಫಾರ್ಮನ್ನು ಮೇಡಂ ಕೈಗೆ ಕೊಟ್ಟು ಬಂದಳು. ಹಗುರವೆನಿಸಿತು.

“ನಾನೂ ಗಣಿತ ತಗೊಂಡ್ಬಿಡ್ಲಾ?”

“ಏಟು ಬೀಳತ್ತೆ! ನಿನಗೆ ಇಷ್ಟವಾದದ್ದನ್ನ ನೀನು ಓದು. ಐವತ್ತೊಂದರ ಬದಲು ಒಬ್ಬರೇ ಮುಗಿಸಿದ್ರೂ ನಾನು ಇದನ್ನೇ ಬರೀತಿದ್ದೆ.”

“ನನ್ನ ಮೇಲೆ ಇನ್ನೂ ಸಿಟ್ಟಾ?”

“ಬೇರೆ ಯಾರಾದ್ರೂ ನಿನ್ನ ಕೈಲಿ ಆಗಲ್ಲ ಅಂದಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ನೀನು ಅಂದೆ ನೋಡು... ಮೂರು ದಿನ ಅತ್ತೆ ಕಣೋ.” ಅವಳ ಕಣ್ಣು ತುಂಬಿತು. “ಈಗ ಹೇಳು.”

“ಪ್ರೀತಿಸ್ತೀನಿ ಅಂತಾನಾ?”

“ಅದು ಆಮೇಲೆ. ಮೊದಲು ಇನ್ನೊಂದು ಹೇಳು.”

ಅವನಿಗೆ ಅರ್ಥವಾಯಿತು. ಮೆಲ್ಲಗೆ ಅವಳ ಕೈ ಹಿಡಿದ.

“ನಿನ್ನ ಕೈಲಿ ಆಗತ್ತೆ.”

“ಹ್ಞೂಂ...” ಎಂದಳು, ಕಣ್ಣೀರೊರೆಸಿ ನಗುತ್ತಾ. “ಈಗ ಅದನ್ನೂ ಹೇಳು.”